ಅವಳನ್ನು ಕೇಳಿದಿರಾ?

ನಮ್ಮ ಅತ್ತಿಗೆ ವಿಮಲಮ್ಮನಿಗೆ ಕಣ್ಣಿಗೆ ಬಿದ್ದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಬಸ್ಸಿನಲ್ಲಿ ಅವರ ಪಕ್ಕ ಕೂತರೆ ಸಾಕು, ಕೆಂಗೇರಿಯಿಂದ ಮಾರ್ಕೆಟ್ಟಿನವರೆಗೆ ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ, ಯಾವ ಡಾಕ್ಟರು ಯಾವ ಕಾಯಿಲೆಗೆ, ಎಲ್ಲಿ ಮೂತ್ರ ಮಾಡಬಾರದು ಎಲ್ಲವೂ ಕಣ್ಣು ಮುಚ್ಚಿಕೊಂಡೇ ತಿಳಿಯುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದರಂತೆ. ಕಲಿತ ನಾಲ್ಕು ಅಕ್ಷರ ಮರೆತುಹೋಗದಿರಲಿ ಎಂದು ಶುರುಮಾಡಿದ ಅಭ್ಯಾಸ ಐವತ್ತೈದು ದಾಟಿದರೂ ನಿಂತಿಲ್ಲ. ಜೊತೆಯಲ್ಲಿರುವವರಿಗೆ ನಾಚಿಕೆಯಾಗಬೇಕೇ ಹೊರತು ಅವರಿಗಲ್ಲ.

ನಾನು ಅಂಬುಜಾ, ಅವರ ಗಂಡ ಹನುಮಂತಯ್ಯನ ತಂಗಿ. ನಾದಿನಿಯಾದವಳು ಅತ್ತಿಗೆಯ ಬಗ್ಗೆ ಒಳ್ಳೆಯ ಮಾತು ಬರೆಯಲು ಕೂತಳೆಂದರೆ ಅದರಲ್ಲಿ ಸುಳ್ಳಿರಲು ಸಾಧ್ಯವಿಲ್ಲ. ಬರೆಯದೇ ಇರುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಕಾರಣಗಳಿವೆ. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನನ್ನ ಮದುವೆಯ ಮಾರನೆಯ ದಿನವೇ ಬೀಗರ ಎದುರಿಗೆ ಹೇಳಿದ ಹೆಂಗಸು ಅದು.

ನಮ್ಮದು ಕೆಂಗೇರಿ ಹಳೇ ಊರು. ಅಪ್ಪನ ಕಾಲದ ರಾಗಿ ಹೊಲ ಈಗ ಲೇಔಟ್ ಆಗಿದೆ. ಅಣ್ಣ ಉಳಿದ ಜಾಗದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾನೆ. ಹೊಲ ಹೋದರೂ ಯಜಮಾನಿಕೆ ಹೋಗಲಿಲ್ಲ. ಮೊದಲು ಆಳುಗಳಿಗೆ ಹೇಳುತ್ತಿದ್ದ, ಈಗ ಬಾಡಿಗೆಯವರಿಗೆ ಹೇಳುತ್ತಾನೆ, ಅಷ್ಟೇ ವ್ಯತ್ಯಾಸ. ಕೆಟ್ಟವನಲ್ಲ. ಮನೆಯಲ್ಲಿ ಯಾರಿಗೆ ಏನು ಬೇಕು ಎನ್ನುವುದು ಅವರಿಗಿಂತ ಮೊದಲು ತನಗೇ ತಿಳಿಯುತ್ತದೆ ಎಂದು ನಂಬಿದವನು. ಹಬ್ಬಕ್ಕೆ ನನಗೆ ಸೀರೆಯನ್ನೂ ಅವನೇ ಆರಿಸಿ ತರುತ್ತಾನೆ, ಮೂವತ್ತು ವರ್ಷದಿಂದ ಅದೇ ಕಡು ಹಸಿರು. ನನಗೆ ಆ ಬಣ್ಣ ಕಂಡರಾಗುವುದಿಲ್ಲ.

ಅಣ್ಣನ ದೊಡ್ಡ ಮಗ ಕೆಲಸದ ಮೇಲೆ ದೂರದ ಊರಿನಲ್ಲಿದ್ದಾನೆ. ಮಗಳು ಕವನಾ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಮದುವೆಯಾಗಿ ಬಸವೇಶ್ವರನಗರ ಸೇರಿದ್ದಾಳೆ. ಹೋದ ವರ್ಷ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನದು ಎನ್ನುವುದು ನಮ್ಮಲ್ಲಿ ಮುರಿಯದ ಪದ್ಧತಿ, ಆದ್ದರಿಂದ ಸೀಮಂತ ಮುಗಿದ ಕೂಡಲೇ ಅಣ್ಣ ಕಾರು ತೆಗೆದುಕೊಂಡು ಹೋಗಿ ಮಗಳನ್ನು ಕರೆತಂದ. ಆಸ್ಪತ್ರೆಯನ್ನೂ ಅವನೇ ಆರಿಸಿದ. ಮೈಸೂರು ರಸ್ತೆಯ ಬದಿಯ ಒಂದು ನರ್ಸಿಂಗ್ ಹೋಂ. ಹೆಸರು ಬೇಡ, ಈಗಲೂ ಆ ದಾರಿಯಲ್ಲೇ ಓಡಾಡಬೇಕು.

ಎಲ್ಲ ಸರಿಯಾಗಿಯೇ ಇತ್ತು. ಮಗು ಚೆನ್ನಾಗಿ ಬೆಳೆಯುತ್ತಿದೆ, ತಲೆ ಕೆಳಗೆ ಬಂದಿದೆ, ತಾಯಿಗೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಕೆಟ್ಟದ್ದು ಪಂಚಾಂಗ. ಹೆರಿಗೆಗೆ ಡಾಕ್ಟರು ಕೊಟ್ಟ ತಾರೀಖಿನ ಆಸುಪಾಸಿನಲ್ಲಿ ಮೂಲಾ ನಕ್ಷತ್ರ ಬರುತ್ತದೆ ಎಂದು ಬೀಗರ ಮನೆಯ ಜೋಯಿಸರು ಕಂಡುಹಿಡಿದರು. ಮೂಲಾ ನಕ್ಷತ್ರದಲ್ಲಿ ಗಂಡಾದರೆ ಅಪ್ಪನಿಗೆ ಕಂಟಕ, ಹೆಣ್ಣಾದರೆ ಮುಂದೆ ಅವಳು ಸೇರುವ ಮನೆಯ ಮಾವನಿಗೆ ಕಂಟಕ. ಅದಕ್ಕೆ ಸುಮಾರು ಎರಡು ವಾರ ಮೊದಲೇ ಪುನರ್ವಸು, ರಾಮ ಹುಟ್ಟಿದ ನಕ್ಷತ್ರ, ಬುಧವಾರ ಬೆಳಗಿನ ಲಗ್ನ ಬಹಳ ಪ್ರಶಸ್ತ. ಅಣ್ಣ ನರ್ಸಿಂಗ್ ಹೋಮಿಗೆ ಹೋಗಿ ವಿಚಾರಿಸಿದ. ‘ನಿಮಗೆ ಯಾವ ಟೈಮ್ ಬೇಕೋ ಹೇಳಿ, ಥಿಯೇಟರ್ ಖಾಲಿ ಇಟ್ಕೋತೀವಿ’ ಅಂದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗೆ.

ಆ ಭಾನುವಾರ ನಾನೂ ಅಲ್ಲೇ ಊಟಕ್ಕಿದ್ದೆ. ಅಣ್ಣ ಮುದ್ದೆ ಮುರಿಯುತ್ತಾ ಸೈಟು ರಿಜಿಸ್ಟರ್ ಆಯಿತು ಎನ್ನುವ ದನಿಯಲ್ಲಿ ವಿಷಯ ಹೇಳಿದ.

‘ಬುಧವಾರ ಬೆಳಗ್ಗೆ ಆಪರೇಷನ್ ಫಿಕ್ಸ್ ಮಾಡ್ಬಿಟ್ಟೆ. ಮಂಗಳವಾರ ಸಾಯಂಕಾಲ ಅಡ್ಮಿಟ್.’

ಕವನಾ ಸೋಫಾದ ಮೇಲೆ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ‘ಅಪ್ಪ, ನಂಗೆ ಆಪರೇಷನ್ ಬೇಡ. ಎಲ್ಲಾ ಚೆನ್ನಾಗೇ ಇದೆಯಲ್ಲ. ನೋವು ಬರೋವರ್ಗೂ ಕಾಯ್ತೀನಿ’ ಎಂದಳು.

‘ನಿಂಗೇನ್ ಗೊತ್ತಾಗತ್ತೆ ಪುಟ್ಟಿ? ದೊಡ್ಡೋರು ನೋಡ್ಕೋತೀವಿ, ನೀನು ಟೆನ್ಷನ್ ಮಾಡ್ಕೋಬೇಡ.’

ಅತ್ತಿಗೆ ಸಾರು ಬಡಿಸುತ್ತಿದ್ದವರು ನಿಂತರು. ‘ಫಿಕ್ಸ್ ಮಾಡೋಕ್ ಮುಂಚೆ ಅವಳ್ನ ಕೇಳಿದ್ರಾ?’

‘ಕೋಳಿ ಕೇಳಿ ಮಸಾಲೆ ಅರೀತಾರೇನೆ?’ ಎಂದು ಅಣ್ಣ ನಕ್ಕ. ತಮಾಷೆಗೇ ಹೇಳಿದ್ದು. ಎಲ್ಲರ ಮನೆಯಲ್ಲೂ ದಿನಕ್ಕೊಂದು ಸಲ ಯಾರಾದರೂ ಹೇಳುವ ಮಾತು. ಆದರೆ ಬಸುರಿ ಮಗಳು ಎದುರಿಗೆ ಕೂತಿದ್ದಾಳೆ, ಮಾತಾಡುತ್ತಿರುವುದು ಅವಳ ಹೊಟ್ಟೆ ಕೊಯ್ಯುವ ವಿಷಯ. ಅತ್ತಿಗೆ ಸೌಟನ್ನು ಪಾತ್ರೆಗೆ ಬಿಟ್ಟು ಅಡುಗೆಮನೆಗೆ ಹೋದವರು ಮತ್ತೆ ಬಡಿಸಲು ಬರಲಿಲ್ಲ. ಅಣ್ಣ ಎದ್ದು ತಾನೇ ಮಜ್ಜಿಗೆ ಹಾಕಿಕೊಂಡ. ಆ ಮನೆಯಲ್ಲಿ ನಾನು ಅಂಥದ್ದನ್ನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಬೆಳಗ್ಗೆ ಅತ್ತಿಗೆಯ ಫೋನು. ‘ಅಂಬುಜಾ, ನಿಮ್ಮ ಮನೆ ಹತ್ರ ಡಾಕ್ಟರಮ್ಮ ಒಬ್ರು ಇದಾರೆ ಅಂತಿದ್ಯಲ್ಲ. ಅವರಿಗೊಂದ್ಸಲ ಕವನಾನ ತೋರಿಸ್ಬೇಕು.’ ನಮ್ಮ ಮನೆ ಆರ್‌ಪಿಸಿ ಲೇಔಟಿನಲ್ಲಿ. ಅಲ್ಲಿಂದ ವಿಜಯನಗರದ ಕಡೆ ನಾಲ್ಕು ಹೆಜ್ಜೆ ನಡೆದರೆ ಡಾಕ್ಟರ್ ಕೀರ್ತನಾ ಅವರ ಆಸ್ಪತ್ರೆ. ಫೋನು ಮಾಡಿದೆ. ಅವರು ಬನ್ನಿ ಅಂದರು, ಇಲ್ಲಿಯವರೆಗಿನ ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ತನ್ನಿ ಅಂದರು. ಅವೆಲ್ಲ ಇದ್ದದ್ದು ನರ್ಸಿಂಗ್ ಹೋಮಿನಲ್ಲಿ.

ನಾನು ಕೆಂಗೇರಿಗೆ ಹೋದೆ. ಅಣ್ಣನಿಗೆ ಹೇಳದೆ ನಾನೂ ಅತ್ತಿಗೆಯೂ ಕವನಾಳೂ ಆಟೋ ಹತ್ತಿದೆವು. ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಚೈತ್ರ ಎಂಬ ಹುಡುಗಿ ಕೂತಿದ್ದಳು. ಫೈಲು ಕೇಳಿದ ಕೂಡಲೇ ಅವಳ ಮುಖದಲ್ಲಿದ್ದ ನಗು ಮಾಯವಾಯಿತು.

‘ಫೈಲ್ ಹೊರಗೆ ಕೊಡಲ್ಲ ಆಂಟಿ. ಇಲ್ಲೇ ಇರ್ಬೇಕು ಅದು.’

‘ಜೆರಾಕ್ಸ್ ಕೊಡಮ್ಮ ಸಾಕು.’

‘ಹಂಗೆಲ್ಲ ಆಗಲ್ಲ ಆಂಟಿ. ಬೇಕಾದ್ರೆ ಸಾರ್ ಬಂದು ಕೇಳ್ಲಿ.’

‘ಯಾವ ಸಾರು?’

‘ಅದೇ, ನಿಮ್ಮ ಯಜಮಾನ್ರು. ಅವ್ರೇ ಅಲ್ವಾ ಎಲ್ಲಾ ಮಾತಾಡಿರೋದು?’

ಅತ್ತಿಗೆ ಜಗಳಕ್ಕೆ ಹೋಗಲಿಲ್ಲ. ಹುಡುಗಿಯ ತಲೆಯ ಮೇಲೆ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಒಂದು ಬೋರ್ಡನ್ನು ನೋಡಿದರು. ಮೂಲೆಯಲ್ಲಿ ಪ್ಲಾಸ್ಟಿಕ್ ಹೂವಿನ ಬಳ್ಳಿ ಹರಡಿ ಅರ್ಧ ಮುಚ್ಚಿತ್ತು. ತುದಿಗಾಲಲ್ಲಿ ನಿಂತು ಬಳ್ಳಿಯನ್ನು ಸರಿಸಿ, ಬಸ್ಸಿನಲ್ಲಿ ಓದುವ ಅದೇ ದನಿಯಲ್ಲಿ ಓದತೊಡಗಿದರು. ರೋಗಿಗಳ ಹಕ್ಕುಗಳು. ತನ್ನ ಕಾಯಿಲೆ ಏನು, ಚಿಕಿತ್ಸೆ ಏನು ಎಂದು ತಿಳಿಯುವ ಹಕ್ಕು. ಚಿಕಿತ್ಸೆಗೆ ಮುನ್ನ ಒಪ್ಪಿಗೆ ಕೊಡುವ, ಕೊಡದಿರುವ ಹಕ್ಕು. ದಾಖಲೆಗಳ ಪ್ರತಿ ಪಡೆಯುವ ಹಕ್ಕು. ಬೇರೆ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು. ಕಾದು ಕೂತಿದ್ದ ಬಸುರಿಯರೆಲ್ಲ ಮೊಬೈಲಿನಿಂದ ತಲೆಯೆತ್ತಿದರು. ಒಬ್ಬಳು ‘ಇನ್ನೊಂದ್ಸಲ ಓದಿ ಆಂಟಿ’ ಎಂದಳು. ಅತ್ತಿಗೆಗೆ ಇನ್ನೇನು ಬೇಕು? ಮೊದಲಿನಿಂದ ಶುರುಮಾಡಿದರು.

‘ನಿನ್ನ ತಲೆ ಮೇಲೇ ಬರೆದಿದೆ ಕಣಮ್ಮ. ಒಂದ್ಸಲ ತಿರುಗಿ ನೋಡು’ ಎಂದು ಕೊನೆಗೆ ಚೈತ್ರಳಿಗೆ ಹೇಳಿದರು.

ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದರು. ಸಭ್ಯ ಮನುಷ್ಯ. ‘ಟೈಮ್ ಕೇಳ್ಕೊಂಡು ಬಂದವರು ನೀವೇ ಅಲ್ವಾಮ್ಮ? ನಾವಾಗಿ ಆಪರೇಷನ್ ಮಾಡಿಸ್ಕೊಳ್ಳಿ ಅನ್ನಲಿಲ್ಲ’ ಎಂದರು. ಅದೂ ನಿಜವೇ.

‘ಬಂದವ್ರು ನಮ್ಮ ಯಜಮಾನ್ರು ಸಾರ್. ಹೊಟ್ಟೆ ಅವರ್ದಲ್ಲ’ ಎಂದರು ಅತ್ತಿಗೆ.

ಸ್ವಲ್ಪ ಹೊತ್ತಿನಲ್ಲಿ ಜೆರಾಕ್ಸು ಬಂತು. ಚೈತ್ರ ಅದನ್ನು ನೀಟಾಗಿ ಪಿನ್ ಮಾಡಿ ಕವನಾಳ ಕೈಗೇ ಕೊಟ್ಟಳು. ಪಾಪ, ಅವಳದೇನೂ ತಪ್ಪಿರಲಿಲ್ಲ. ಎಲ್ಲ ಮನೆಗಳಿಂದಲೂ ಯಾರಾದರೊಬ್ಬ ಸಾರ್ ಬಂದು ಮಾತಾಡಿ ಅವಳಿಗೆ ಅದೇ ರೂಢಿಯಾಗಿತ್ತು.

ಕೆಂಗೇರಿಯಲ್ಲಿ ಮೆಟ್ರೊ ಹತ್ತಿದೆವು. ಒಬ್ಬ ಹುಡುಗ ಎದ್ದು ಕವನಾಳಿಗೆ ಸೀಟು ಕೊಟ್ಟ, ಪಕ್ಕದವರು ಸರಿದು ಜಾಗ ಮಾಡಿದ್ದರಿಂದ ಅವಳ ಎರಡೂ ಪಕ್ಕ ನಾವು ಕೂತೆವು. ಅತ್ತಿಗೆ ಅವತ್ತು ಯಾವ ಬೋರ್ಡನ್ನೂ ಓದಲಿಲ್ಲ. ನಾಯಂಡಹಳ್ಳಿ ಹತ್ತಿರ ಬರುವಾಗ ಇದ್ದಕ್ಕಿದ್ದಂತೆ ಮಾತು ತೆಗೆದರು.

‘ನೀನು ಹುಟ್ಟಿದ್ದೂ ಹೊಟ್ಟೆ ಕುಯ್ದೇ ಕಣೇ ಕವನಾ. ಅವತ್ತು ನಿಮ್ಮ ತಾತ ಆಸ್ಪತ್ರೇಲಿ, ಗಂಡೊಂದು ಹೆಣ್ಣೊಂದು ಆಯ್ತಲ್ಲ, ಸಾಕು, ಹಂಗೇ ಅದೂ ಮಾಡ್ಬಿಡಿ ಅಂದ್ರಂತೆ. ನಿಮ್ಮಪ್ಪ ಸೈನ್ ಹಾಕಿದ್ರು. ಮಕ್ಕಳಾಗದ ಹಾಗೆ ಮಾಡೋ ಆಪರೇಷನ್ನು. ನಂಗೆ ಯಾರೂ ಹೇಳ್ಲಿಲ್ಲ.’

‘ಮತ್ತೆ ನಿಂಗೆ ಹೆಂಗೆ ಗೊತ್ತಾಯ್ತು?’

‘ಮೂರನೇದು ಬೇಕು ಅಂತ ಆಸೆ ಇತ್ತು. ಆಗ್ಲಿಲ್ಲ. ಅಶ್ವತ್ಥಕಟ್ಟೆ ಸುತ್ತಿದೆ, ಶನಿವಾರ ಒಪ್ಪೊತ್ತು ಮಾಡಿದೆ. ಆಮೇಲೆ ಯಾವುದೋ ಹೊಟ್ಟೆನೋವಿಗೆ ಅಂತ ಹೋದಾಗ ನರ್ಸಮ್ಮ ಹೇಳಿದ್ಲು. ನಾನು ಬೆಳಗ್ಗೆ ಎದ್ದು ಒದ್ದೆ ಬಟ್ಟೇಲಿ ಕಟ್ಟೆ ಸುತ್ತಕ್ಕೆ ಹೋಗೋದನ್ನ ನಿಮ್ಮಪ್ಪ ದಿನಾ ನೋಡ್ತಿದ್ರು. ಗೊತ್ತಿದ್ದೂ ಸುಮ್ನಿದ್ರು.’

ನಾನು ಆ ಹೊತ್ತಿಗಾಗಲೇ ಮದುವೆಯಾಗಿ ಹೋಗಿದ್ದೆ. ಈ ವಿಷಯ ನನಗೂ ಗೊತ್ತಿರಲಿಲ್ಲ. ಕಟ್ಟೆ ಸುತ್ತುವಾಗ ಅತ್ತಿಗೆಗೆ ಎಷ್ಟು ವಯಸ್ಸು? ಮೂವತ್ತೂ ಇರಲಿಲ್ಲ. ಅಣ್ಣನ ಮೇಲೆ ನನಗೆ ಆ ರೈಲಿನಲ್ಲಿ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ಕವನಾ ಅಮ್ಮನ ಕೈ ಹಿಡಿದುಕೊಂಡಳು. ‘ಅಳ್ಬೇಡ ಸುಮ್ನಿರು, ಬಿಪಿ ಜಾಸ್ತಿ ತೋರಿಸ್ಬಿಡತ್ತೆ’ ಎಂದು ಅತ್ತಿಗೆ ಗದರಿದರು.

ವಿಜಯನಗರದ ಆಸ್ಪತ್ರೆಯಲ್ಲಿ ಕವನಾಳ ಹೆಸರು ಕರೆದ ಕೂಡಲೇ ಮೂವರೂ ಒಟ್ಟಿಗೆ ಒಳಗೆ ನುಗ್ಗಿದೆವು. ಕೀರ್ತನಾ ಡಾಕ್ಟರು ಕವನಾಳನ್ನು ಕೂರಿಸಿ, ‘ನೀವಿಬ್ರೂ ಸ್ವಲ್ಪ ಹೊರಗಿರಿ ಅಮ್ಮ. ಮೊದ್ಲು ಇವರ ಹತ್ರ ಒಬ್ರೇ ಮಾತಾಡ್ತೀನಿ’ ಎಂದರು. ಅತ್ತಿಗೆಗೆ ಅದು ಅಷ್ಟೇನೂ ಹಿಡಿಸಲಿಲ್ಲ. ‘ನಾನು ಹೆತ್ತ ತಾಯಿ ಅಲ್ವಾ?’ ಎಂದು ಬಾಗಿಲಾಚೆ ನನ್ನ ಹತ್ತಿರ ಗೊಣಗಿದರು.

ಆಮೇಲೆ ಕವನಾ ಕೇಳಿಕೊಂಡದ್ದರಿಂದ ನಮ್ಮನ್ನೂ ಒಳಗೆ ಕರೆದರು. ಡಾಕ್ಟರಮ್ಮನ ಮಾತಿನಲ್ಲಿ ಸುತ್ತಿಬಳಸುವುದಿರಲಿಲ್ಲ. ತಾಯಿಯೂ ಮಗುವೂ ಚೆನ್ನಾಗಿದ್ದಾರೆ, ಈಗ ಕೊಯ್ಯುವುದಕ್ಕೆ ಕಾರಣವೇ ಇಲ್ಲ. ಅವಧಿ ತುಂಬುವ ಮೊದಲೇ ತೆಗೆದರೆ ಕೆಲವು ಮಕ್ಕಳಿಗೆ ಉಸಿರಾಟದ ತೊಂದರೆ ಬರುತ್ತದೆ, ಒಳಗೇ ಬಲಿಯಲಿ. ‘ಆದ್ರೆ ಒಂದ್ ವಿಷ್ಯ ತಿಳ್ಕೊಂಡಿರಿ. ನೋವು ಬಂದ್ಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನೂ ಆಪರೇಷನ್ ಬೇಕು ಅನ್ಬಹುದು. ಆಗ ಯಾಕೆ ಅಂತ ಹೇಳ್ತೀನಿ. ಒಪ್ಪಿಗೆ ಕೊಡ್ಬೇಕಾದವ್ರು ಕವನಾ. ಅವ್ರಿಗೆ ಪ್ರಜ್ಞೆ ಇರೋವರ್ಗೂ ಅಪ್ಪಂದೂ ಆಗಲ್ಲ, ಗಂಡಂದೂ ಆಗಲ್ಲ.’ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು, ಯಾರು ಎನ್ನುವುದನ್ನೂ ಅವಳೇ ಹೇಳಲಿ ಎಂದರು. ಕವನಾ ಅಮ್ಮನ ಕಡೆ ಕೈ ತೋರಿಸಿದಳು. ಅತ್ತಿಗೆಯ ಗೊಣಗಾಟ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಅತ್ತಿಗೆಯೇ ಅಣ್ಣನಿಗೆ ಹೇಳಿದರು. ಬುಧವಾರ ಯಾರೂ ಎಲ್ಲಿಗೂ ಹೋಗುವುದಿಲ್ಲ. ನೋವು ಬಂದಾಗ ವಿಜಯನಗರಕ್ಕೆ. ಅಣ್ಣ ಮೇಲಿನ ಮನೆಯ ಬಾಡಿಗೆಯವರಿಗೂ ಕೇಳಿಸುವಂತೆ ಕೂಗಾಡಿದ. ಬೀಗರಿಗೆ ಏನು ಮುಖ ತೋರಿಸಲಿ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಎಂದ. ಬೀಗರು ಫೋನಿನಲ್ಲಿ ಬೇಸರ ಮಾಡಿಕೊಂಡರು. ಕೊನೆಗೆ ಅಳಿಯ ಯಶ್ವಂತನನ್ನು ಕರೆಸಿದರು. ಒಳ್ಳೆಯ ಹುಡುಗ, ಆದರೆ ಅಪ್ಪನ ಎದುರು ಬಾಯಿ ಬಿಡದವನು. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಹಾಲಿನಲ್ಲಿ ನಿಂತ.

‘ಕವನಾ ಏನ್ ಹೇಳ್ತಾಳೋ ಹಂಗೆ ಮಾಡೋಣ ಮಾವ. ನಮ್ಮಪ್ಪಂಗೆ ನಾನ್ ಹೇಳ್ತೀನಿ’ ಎಂದ. ಅಷ್ಟೇ ಮಾತು. ಅವನ ಪಾಲಿಗೆ ಅದು ಭಾಷಣ.

ಪುನರ್ವಸು ಬುಧವಾರ ಬಂದು ಹೋಯಿತು. ಅವತ್ತು ಕವನಾ ಬೆಳಗ್ಗೆ ನಾಲ್ಕು ಇಡ್ಲಿ ತಿಂದು ಬಾಲ್ಕನಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಅಣ್ಣ ಗಡಿಯಾರ ನೋಡಿಕೊಂಡು ಒಳಗೂ ಹೊರಗೂ ಓಡಾಡಿದ. ಮುಹೂರ್ತ ಮೀರಿದ ಮೇಲೆ ಬೋರ್‌ವೆಲ್ ಮೋಟಾರು ನೋಡಲು ಹೋದ. ಮೋಟಾರಿಗೆ ಏನೂ ಆಗಿರಲಿಲ್ಲ.

ನೋವು ಶುರುವಾದದ್ದು ಆಮೇಲೆ ಹನ್ನೆರಡು ದಿನಕ್ಕೆ, ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ. ಮಹಾ ಕೋಪದಲ್ಲಿದ್ದ ಅಣ್ಣನೇ ಕಾರು ಓಡಿಸಿದ. ಆಸ್ಪತ್ರೆಯಲ್ಲಿ ಅತ್ತಿಗೆ ಕವನಾಳ ಜೊತೆ ಒಳಗೆ ಹೋದರು. ನಾನು, ಅಣ್ಣ, ಯಶ್ವಂತ ಹೊರಗೆ ಬೆಂಚಿನ ಮೇಲೆ ಕೂತೆವು. ಆಗಾಗ ಕವನಾಳ ಕೂಗು ಕೇಳುತ್ತಿತ್ತು, ಅದರ ಹಿಂದೆಯೇ ಅತ್ತಿಗೆಯ ‘ಆಯ್ತು ಆಯ್ತು, ಉಸ್ರು ಬಿಡು’ ಎನ್ನುವ ದನಿ. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿ ಸಾಗಿತು.

ಆಮೇಲೆ ಒಳಗಿನ ಸದ್ದು ಬದಲಾಯಿತು. ಚಪ್ಪಲಿಗಳ ಓಡಾಟ ಜೋರಾಯಿತು. ಒಬ್ಬ ನರ್ಸ್ ಬಾಗಿಲು ತೆಗೆದು ಹೊರಗೆ ಬಂದಳು. ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಮಾಡಬೇಕಾಗಬಹುದು ಎಂದಳು. ಅವಳ ಕೈಯಲ್ಲಿ ಒಪ್ಪಿಗೆ ಪತ್ರ. ಡಾಕ್ಟರಮ್ಮ ಅದನ್ನು ಯಾರಿಗೆ ಕೊಡಲು ಹೇಳಿದ್ದರೋ ಏನೋ, ಅವಳ ಕಾಲುಗಳು ಮಾತ್ರ ರೂಢಿಯಂತೆ ಸೀದಾ ಅಣ್ಣನ ಹತ್ತಿರ ಬಂದವು.

‘ನೋಡಿದ್ಯಾ ಅಂಬುಜಾ? ಅವತ್ತೇ ಮಾಡಿಸಿದ್ರೆ ಈ ಗತಿ ಬರ್ತಿತ್ತಾ?’ ಅಣ್ಣ ಬೆಂಚಿನಿಂದ ಎದ್ದುಬಿಟ್ಟ. ‘ಕೊಡಮ್ಮ ಇಲ್ಲಿ.’ ಜೇಬಿನಿಂದ ಪೆನ್ನು ತೆಗೆದ.

ನರ್ಸಿನ ಬೆನ್ನಿಗೇ ಅತ್ತಿಗೆ ಹೊರಗೆ ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮುಖವೆಲ್ಲ ಬೆವರು. ಬಂದವರೇ ಪೆನ್ನು ಹಿಡಿದ ಅಣ್ಣನ ಕೈಯ ಮೇಲೆ ತಮ್ಮ ಕೈ ಇಟ್ಟರು.

‘ಅವಳ್ನ ಕೇಳಿದ್ರಾ?’

‘ಮಗು ಜೀವಕ್ಕೆ ಬಂದಿರೋವಾಗ ಕೇಳೋದೇನೇ? ಬಿಡು ಕೈನ.’

‘ಅವಳಿಗೆ ಪ್ರಜ್ಞೆ ಇದೆ. ಮಾತಾಡ್ತಾ ಇದಾಳೆ.’ ಅತ್ತಿಗೆಯ ದನಿ ಏರಲಿಲ್ಲ. ‘ಅವತ್ತು ನಂಗೂ ಪ್ರಜ್ಞೆ ಇತ್ತು ಕಣ್ರೀ.’

ಅಣ್ಣನ ಕೈ ಸಡಿಲವಾಯಿತು. ಅಷ್ಟು ವರ್ಷಗಳಲ್ಲಿ ಅತ್ತಿಗೆ ಆ ವಿಷಯವನ್ನು ಗಂಡನ ಎದುರು ಒಮ್ಮೆಯೂ ಎತ್ತಿರಲಿಲ್ಲವಂತೆ. ಅವರಿಗೆ ಗೊತ್ತಾಗಿದೆ ಎನ್ನುವುದೇ ಅಣ್ಣನಿಗೆ ಗೊತ್ತಿರಲಿಲ್ಲ. ನರ್ಸ್ ಕಾಗದ ತೆಗೆದುಕೊಂಡು ಒಳಗೆ ಹೋದಳು, ಅತ್ತಿಗೆ ಅವಳ ಹಿಂದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲವಾದ್ದರಿಂದ ಡಾಕ್ಟರಮ್ಮನ ಮಾತು ನಮಗೆ ಕೇಳಿಸಿತು. ‘ಕವನಾ, ಮಗು ಹಾರ್ಟ್‌ಬೀಟ್ ಇಳೀತಿದೆ. ಕಾಯೋದು ಒಳ್ಳೇದಲ್ಲ. ಆಪರೇಷನ್ ಮಾಡೋದು ಸೇಫ್ ಅಂತ ನಂಗನ್ಸತ್ತೆ. ನೀವೇನ್ ಹೇಳ್ತೀರಿ?’

‘ಮಾಡಿ ಡಾಕ್ಟ್ರೇ’ ಎಂದಳು ಕವನಾ. ಸುಸ್ತಾಗಿದ್ದಳು, ಆದರೆ ಮಾತು ಸ್ಪಷ್ಟವಾಗಿತ್ತು. ‘ಬೇಗ ಮಾಡಿ.’

ಇಷ್ಟು ಕೇಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತೀರಿ? ಅಣ್ಣ ಪೆನ್ನಿನ ಕ್ಯಾಪು ಹಾಕಿ ಜೇಬಿಗೆ ಇಳಿಸುವಷ್ಟು ಹೊತ್ತು. ಆಪರೇಷನ್ ಬೇಡ ಅಂದಿದ್ದವಳೂ ಅವಳೇ, ಮಾಡಿ ಅಂದವಳೂ ಅವಳೇ. ಮೊದಲೇ ಮಾಡಿಸಿದ್ದರೆ ಆಗುತ್ತಿತ್ತಲ್ಲ ಎಂದು ಈಗಲೂ ಬೀಗರ ಕಡೆಯವರು ನನ್ನ ಹತ್ತಿರ ವಾದ ಮಾಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಒಂದು ಪಂಚಾಂಗ ನೋಡಿ ಕೊಯ್ಯುವುದು, ಇನ್ನೊಂದು ಮಗುವನ್ನು ನೋಡಿ ಕೊಯ್ಯುವುದು. ಎರಡೂ ಒಂದೇ ಅನ್ನುವವರ ಹತ್ತಿರ ನಾನು ಕಾಫಿ ಕುಡಿದು ಎದ್ದು ಬರುತ್ತೇನೆ.

ಹೆಣ್ಣು ಮಗು. ಹುಟ್ಟಿದ ಕೂಡಲೇ ಅತ್ತು ಇಡೀ ಮಹಡಿಗೆ ಸುದ್ದಿ ಮುಟ್ಟಿಸಿತು. ಅವತ್ತು ನಕ್ಷತ್ರ ಯಾವುದು ಎಂದು ಸಾಯಂಕಾಲದವರೆಗೆ ಯಾರಿಗೂ ನೆನಪಾಗಲಿಲ್ಲ. ಆಮೇಲೆ ನೋಡಿದರೆ ಸಾಕ್ಷಾತ್ ಮೂಲಾ. ಬೀಗರು ಶಾಂತಿ ಮಾಡಿಸಿದರು, ಮಾಡಿಸಲಿ, ನಮಗೂ ಒಳ್ಳೆಯ ಊಟವಾಯಿತು. ಈ ಊರಿನಲ್ಲಿ ಎಲ್ಲೋ ಒಬ್ಬ, ಮುಂದೆ ಇವಳಿಗೆ ಮಾವನಾಗಬೇಕಾದವನು, ತನಗೆ ಕಂಟಕ ಹುಟ್ಟಿದೆ ಎಂಬ ಸುಳಿವೇ ಇಲ್ಲದೆ ಮಸಾಲೆದೋಸೆ ತಿನ್ನುತ್ತಿದ್ದಾನೆ. ಅವನಿಗೆ ಒಳ್ಳೆಯದಾಗಲಿ.

ಆಸ್ಪತ್ರೆಯಲ್ಲಿ ಅಣ್ಣ ಮೊಮ್ಮಗಳನ್ನು ಎತ್ತಿಕೊಳ್ಳಲು ಬಂದವನು ಕೈ ಚಾಚಿ ನಿಂತ. ‘ಎತ್ಕೊಳ್ಳಾ ಪುಟ್ಟಿ?’ ಎಂದು ಮಗಳನ್ನು ಕೇಳಿದ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಇಲ್ಲಿಗೆ ನಿಲ್ಲಿಸಿದ್ದರೆ ಅತ್ತಿಗೆಯನ್ನು ದೇವರ ಪಟದ ಪಕ್ಕ ಕೂರಿಸಬಹುದಿತ್ತು. ಆದರೆ ಆಮೇಲೆ ಬಾಣಂತನ ಶುರುವಾಯಿತು.

ಬಾಣಂತಿ ಕೋಣೆ ಅತ್ತಿಗೆಯ ಸಾಮ್ರಾಜ್ಯ. ಕಿಟಕಿಗಳು ಬಂದ್. ಫ್ಯಾನು ಬಂದ್. ಕವನಾಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಸಾಕ್ಸು. ಕೋಣೆ ತುಂಬ ಸಾಂಬ್ರಾಣಿ ಹೊಗೆ. ತಟ್ಟೆಗೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪದನ್ನ. ನೀರು ಮಾತ್ರ ಇಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಹೊಲಿಗೆ ಕೀವಾಗುತ್ತದೆ, ಮಗುವಿಗೆ ಶೀತವಾಗುತ್ತದೆ. ಊಟದ ಜೊತೆ ಅರ್ಧ ಲೋಟ ಬಿಸಿನೀರು, ಅದೂ ಅತ್ತಿಗೆಯ ಕಣ್ಗಾವಲಿನಲ್ಲಿ. ಚೆನ್ನಾಗಿ ನೀರು ಕುಡಿಯಬೇಕು ಎಂದು ಕೀರ್ತನಾ ಡಾಕ್ಟರು ಬಿಡುಗಡೆಯ ದಿನ ಎರಡೆರಡು ಸಲ ಹೇಳಿದ್ದರು. ಅತ್ತಿಗೆ ಭಕ್ತಿಯಿಂದ ತಲೆ ಆಡಿಸಿ, ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದಿದ್ದರು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ.

ಒಂದು ಮಧ್ಯಾಹ್ನ ನಾನು ನೋಡಲು ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಕೋಣೆಯಲ್ಲಿ ಕೂರಲಾಗದಷ್ಟು ಸೆಕೆ. ಕವನಾಳ ತುಟಿ ಒಡೆದಿತ್ತು. ಮಗುವಿಗೆ ಹಾಲೂಡಿಸಿ ಮಲಗಿಸಿದವಳು ‘ಅಮ್ಮಾ, ನೀರು ಕೊಡು’ ಎಂದಳು.

‘ಊಟದಲ್ಲಿ ಕುಡಿದ್ಯಲ್ಲ. ಒಂದು ಗುಟುಕು ಸಾಕು ಈಗ’ ಎಂದು ಅತ್ತಿಗೆ ಲೋಟದ ತಳದಲ್ಲಿ ಒಂದಿಷ್ಟು ತಂದರು.

‘ನಂಗೆ ಬಾಯಾರಿಕೆ ಅಮ್ಮ. ಮೂತ್ರಕ್ಕೆ ಹೋದ್ರೆ ಉರೀತಿದೆ. ಹಾಲೂ ಸಾಲ್ತಿಲ್ಲ ಅನ್ಸತ್ತೆ.’

‘ನಾವೆಲ್ಲ ಹಿಂಗೇ ಬಾಣಂತನ ಮಾಡಿಸ್ಕೊಂಡಿದ್ದು ಕಣೇ. ಏನಾಗಿದೆ ನಂಗೆ? ಗಟ್ಟಿಯಾಗಿಲ್ವಾ?’

ಕವನಾ ಲೋಟವನ್ನು ಮುಟ್ಟಲಿಲ್ಲ. ಅಮ್ಮನ ಮುಖ ನೋಡಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

‘ಆಸ್ಪತ್ರೇಲಿ ಎಲ್ರೂ ನನ್ನ ಕೇಳ್ಬೇಕು ಅಂತ ಅಪ್ಪನ ಕೈ ಹಿಡ್ಕೊಂಡ್ಯಲ್ಲ ಅಮ್ಮ. ಮನೆಗೆ ಬಂದ್ಮೇಲೆ ನೀನು ಒಂದ್ಸಲನಾದ್ರೂ ನನ್ನ ಕೇಳಿದ್ಯಾ?’

‘ನಿನ್ನ ಒಳ್ಳೇದಕ್ಕೇ ತಾನೇ ನಾನು…’ ಅತ್ತಿಗೆ ಶುರುಮಾಡಿದ ಮಾತು ಮುಗಿಯಲಿಲ್ಲ. ತಮ್ಮ ಬಾಯಿಂದ ಬಂದ ಮಾತು ತಮ್ಮ ಕಿವಿಗೇ ಬಿದ್ದಂತೆ ನಿಂತುಬಿಟ್ಟರು. ಅವರ ಮುಖ ಕೆಂಪಾಯಿತು. ಹಾಲಿನಲ್ಲಿ ಪೇಪರು ಓದುತ್ತಿದ್ದ ಅಣ್ಣ ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದುಕೊಂಡ. ಬಾಯಿ ಬಿಡುವಷ್ಟು ದಡ್ಡನಲ್ಲ ಅವನು.

ಅತ್ತಿಗೆ ಲೋಟ ಎತ್ತಿಕೊಂಡು ಸರಸರ ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿಯೇ ಕೇಳಿತು. ಕೋಪ ಬಂತೇನೋ, ಇನ್ನು ಸಂಜೆಯವರೆಗೆ ಈ ಮನೆಯಲ್ಲಿ ಮಾತಿಲ್ಲವೇನೋ ಎಂದು ನಾನೂ ಕವನಾಳೂ ಮುಖ ಮುಖ ನೋಡಿಕೊಂಡೆವು. ಅವರು ವಾಪಸ್ಸು ಬಂದಾಗ ಒಂದು ಕೈಯಲ್ಲಿ ತುಂಬಿದ ಚೊಂಬು, ಇನ್ನೊಂದು ಕೈಯಲ್ಲಿ ದೊಡ್ಡ ಲೋಟ. ಮಂಚದ ಪಕ್ಕ ನಿಂತರು. ನನ್ನ ಕಡೆ ನೋಡಲಿಲ್ಲ.

‘ಕಾಯಿಸಿ ಆರಿಸಿದ್ದು. ಬೆಚ್ಚಗಿದೆ’ ಎಂದರು. ‘ಎಷ್ಟು ಬೇಕು?’

ಕವನಾ ಒಂದು ಲೋಟ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಮತ್ತೆ ಮುಂದಕ್ಕೆ ಹಿಡಿದಳು. ಅತ್ತಿಗೆ ಚೊಂಬು ಬಗ್ಗಿಸಿದರು.